ವಕೀಲನ ಉಗುರು

ನಮ್ಮ ಆಸ್ಪತ್ರೆಗೆ ಬರುವ ನಾಯಿ ಬೆಕ್ಕುಗಳು ಕಚ್ಚುತ್ತವೆ, ಪರಚುತ್ತವೆ, ಟೇಬಲ್ ಮೇಲೆಯೇ ಉಚ್ಚೆ ಹೊಯ್ಯುತ್ತವೆ. ಅದರಿಂದ ನನಗೆ ಸುಸ್ತಾಗುವುದಿಲ್ಲ. ಸುಸ್ತಾಗುವುದು ಅವುಗಳನ್ನು ಕರೆತರುವವರ ಸುಳ್ಳಿನಿಂದ. ಕಾಯಿಲೆ ಬಿದ್ದದ್ದನ್ನು ಎತ್ತಿಕೊಂಡು ಬಂದವರು ಅಷ್ಟು ಸುಳ್ಳು ಹೇಳುವುದಿಲ್ಲ, ಪಾಪ, ಅವರ ಜೀವ ಬಾಯಿಗೆ ಬಂದಿರುತ್ತದೆ. ಮಾಮೂಲು ತಪಾಸಣೆಗೆ ಬರುತ್ತಾರಲ್ಲ, ವರ್ಷದ ಲಸಿಕೆ, ಜಂತುಹುಳದ ಮಾತ್ರೆ, ಹಲ್ಲು, ಕಿವಿ, ತೂಕ ಅಂತ, ಅವರು ಬಾಯಿ ತೆರೆದರೆ ಸಾಕು, ರೈಲು ಬಿಡುತ್ತಾರೆ.

"ದಿನಾ ಹಲ್ಲು ಉಜ್ತೀವಿ ಡಾಕ್ಟ್ರೇ" ಎನ್ನುತ್ತಾರೆ. ತುಟಿ ಎತ್ತಿ ನೋಡಿದರೆ ಹಲ್ಲಿನ ಬುಡದಲ್ಲಿ ಕಂದು ಕಿಟ್ಟ ಕಲ್ಲಿನ ಹಾಗೆ ಕೂತಿರುತ್ತದೆ. "ಏನೂ ಕೊಡಲ್ಲ, ಗಾಳಿ ಕುಡಿದೇ ದಪ್ಪ ಆಗ್ತಾನೆ" ಎನ್ನುವವರ ಅಂಗಿಯ ಜೇಬಿನಿಂದ ಬಿಸ್ಕತ್ತಿನ ಪುಡಿ ಉದುರುತ್ತಿರುತ್ತದೆ, ನಾಯಿ ಆ ಜೇಬನ್ನು ಬಿಟ್ಟು ಬೇರೆ ಕಡೆ ನೋಡುವುದೇ ಇಲ್ಲ. ಇನ್ನು ಎಲ್ಲರ ಬಾಯಲ್ಲೂ ಬರುವ ಒಂದು ಮಾತಿದೆ: "ಹೋದ ವರ್ಷ ಎಲ್ಲಾ ಮಾಡಿಸಿದ್ವಿ ಡಾಕ್ಟ್ರೇ, ಆ ಚೀಟಿ ಮಾತ್ರ ಎಲ್ಲೋ ಕಳೆದುಹೋಯ್ತು." ಹಾಗೆ ಕಳೆದುಹೋದ ಚೀಟಿಗಳೆಲ್ಲ ಹೋಗಿ ಸೇರುವ ಒಂದು ಜಾಗ ಎಲ್ಲಾದರೂ ಇರಬೇಕು. ನನಗಂತೂ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ.

ಈ ಆಸ್ಪತ್ರೆ ಕಟ್ಟಿದ್ದು ನನ್ನ ಅಪ್ಪ. ಈಗ ನಡೆಸುವುದು ನಾನು. ನಡೆಸುವುದು ಎಂದರೆ ಬೆಳಕು ಹರಿಯುವ ಮುಂಚೆ ಬಂದು ಬಾಗಿಲು ತೆಗೆಯುವುದು, ಕಾಲು ಬಾತುಕೊಂಡ ಮೇಲೆ ಬಾಗಿಲು ಹಾಕುವುದು. ಅಪ್ಪ ಎಲ್ಲವನ್ನೂ ನನಗೆ ಬಿಟ್ಟುಕೊಟ್ಟರು, ಗುರುವಾರವೊಂದನ್ನು ಬಿಟ್ಟು. ಗುರುವಾರ ಬೆಳಗ್ಗೆ ಬರುವ ಮಾಮೂಲು ತಪಾಸಣೆಗಳೆಲ್ಲ ಅವರ ಟೇಬಲ್ಲಿಗೆ. ಅವತ್ತು ಅವರು ನುಣ್ಣಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು ಬರುತ್ತಾರೆ. ವಾರದ ಬೇರೆ ದಿನ ಅವರ ಗಡ್ಡದ ಸುದ್ದಿ ಕೇಳುವುದೇ ಬೇಡ. ಜನ ಅವರನ್ನು ದೊಡ್ಡ ಡಾಕ್ಟ್ರು ಎನ್ನುತ್ತಾರೆ. ತಲೆ ಅರ್ಧ ನೆರೆತರೂ ನಾನಿನ್ನೂ ಚಿಕ್ಕ ಡಾಕ್ಟ್ರಮ್ಮ.

ಸುಳ್ಳಿಗೆ ಅಪ್ಪ ಒಂದು ಮದ್ದು ಕಂಡುಕೊಂಡಿದ್ದರು. ಬಂದವರು ರೈಲು ಬಿಡಲು ಶುರು ಮಾಡಿದ ಕೂಡಲೇ ತುಟಿಪಿಟಕ್ಕೆನ್ನದೆ ಎದ್ದು ಹೋಗಿ ಕಿಟಕಿ ತೆಗೆಯುತ್ತಿದ್ದರು. ಬಂದವರು, ಪಾಪ, ಡಾಕ್ಟರಿಗೆ ಸೆಕೆ ಎಂದುಕೊಳ್ಳುತ್ತಿದ್ದರು. ಪ್ರಾಣಿಗಳನ್ನು ಹಿಡಿದುಕೊಳ್ಳುವ ದೊಡ್ಡಕ್ಕ ಮತ್ತು ನಾನು ಮಾತ್ರ ತಲೆ ತಗ್ಗಿಸಿ ನಗು ನುಂಗುತ್ತಿದ್ದೆವು. ದೊಡ್ಡಕ್ಕ ಎಂದರೆ ಯಾರಿಗೂ ಅಕ್ಕನಲ್ಲ, ನಮ್ಮಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಎಲ್ಲರಿಗೂ ದೊಡ್ಡಕ್ಕ. ಕೆಲವು ಗುರುವಾರ ಆ ಕಿಟಕಿ ಮುಚ್ಚಲು ಬಿಡುವೇ ಸಿಗುತ್ತಿರಲಿಲ್ಲ. ಬೆಕ್ಕು ಬಂದಾಗ ಮಾತ್ರ ಕಡ್ಡಾಯವಾಗಿ ಮುಚ್ಚಬೇಕು, ಇಲ್ಲದಿದ್ದರೆ ಅದು ಹಾರಿ ಹೋಗಿ ಎದುರು ಕಟ್ಟಡದ ತಾರಸಿಯಲ್ಲಿ ಕೂರುತ್ತದೆ. ಹಾಗಾಗಿ ಬೆಕ್ಕಿನವರ ಸುಳ್ಳನ್ನು ಅಪ್ಪ ಕಿಟಕಿಯ ಹತ್ತಿರ ನಿಂತು ಬರೀ ಚಿಲಕ ಮುಟ್ಟಿ ಸಹಿಸಿಕೊಳ್ಳುತ್ತಿದ್ದರು.

"ಮನೆಯವರ ಮಾತು ಕೇಳಬೇಡ, ನಾಯಿಯ ಕಾಲು ನೋಡು" ಎಂದು ನನಗೆ ಹೇಳಿಕೊಟ್ಟವರು ಅವರೇ. ದಿನಾ ಬೀದಿಯಲ್ಲಿ ನಡೆಯುವ ನಾಯಿಯ ಉಗುರು ಕಲ್ಲು ಕಾಂಕ್ರೀಟಿಗೆ ಸವೆದು ತುದಿ ದುಂಡಗಾಗಿರುತ್ತದೆ, ಅಂಗಾಲು ಒರಟಾಗಿರುತ್ತದೆ. ಮನೆಯಲ್ಲೇ ಬಿದ್ದಿರುವ ನಾಯಿಯ ಉಗುರು ಬೆಳೆದು ಬಾಗುತ್ತದೆ, ಅಂಗಾಲು ಮಗುವಿನ ಕೆನ್ನೆಯ ಹಾಗಾಗುತ್ತದೆ. ನಾಯಿಯ ಉಗುರು ಉದ್ದವಾಗಿದೆ ಎಂದರೆ ಆ ಮನೆಯಲ್ಲಿ ಅದನ್ನು ಕರೆದುಕೊಂಡು ಹೋಗುತ್ತಿದ್ದ ಯಾರೋ ನಡೆಯುವುದನ್ನು ನಿಲ್ಲಿಸಿದ್ದಾರೆ ಎಂದರ್ಥ. ಅದು ಯಾರು, ಯಾಕೆ ಎಂದು ಕೇಳುವುದೂ ತಪಾಸಣೆಯ ಭಾಗ ಎನ್ನುತ್ತಿದ್ದರು ಅಪ್ಪ. ಹಾಗೆ ಕೇಳಿ ಕೇಳಿಯೇ ಎಷ್ಟೋ ಮನೆಗಳ ಮಂಡಿನೋವು, ಜಗಳ, ಸಾವು ನಮಗೆ ಮೊದಲು ಗೊತ್ತಾಗಿದೆ.

ನಮ್ಮ ಮನೆಯ ನಾಯಿಯ ಹೆಸರು ವಕೀಲ. ಯಾರು ಏನು ಹೇಳಿದರೂ ತಿರುಗಿ ವಾದ ಮಾಡುತ್ತದೆ, ಅದಕ್ಕೇ ಆ ಹೆಸರು. ಕಂದು ಮೈ, ಬಿಳಿ ಕಾಲು, ವಯಸ್ಸಾಗಿದೆ. ಅದು ಅಪ್ಪನ ನಾಯಿ, ಅಪ್ಪ ಅದರ ಮನುಷ್ಯ. ನಾವು ಇರುವುದು ಒಂದೇ ಮನೆಯಲ್ಲಿ, ಕೆಳಗೆ ಅವರಿಬ್ಬರು, ಮೇಲೆ ನಾನು ಮತ್ತು ನನ್ನ ಗಂಡ. ಮನೆಯಲ್ಲಿ ವಕೀಲನನ್ನು ಡಾಕ್ಟರ ಕೈಯಿಂದ ಮುಟ್ಟಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಮುದ್ದು ಮಾಡುವ ಕೈಯೇ ಕಿವಿಯೊಳಗೆ ಬೆರಳು ಹಾಕಿದರೆ ನಾಯಿ ಯಾವ ಕೈಯನ್ನೂ ನಂಬುವುದಿಲ್ಲವಂತೆ. ನೋಡುವುದಿದ್ದರೆ ಆಸ್ಪತ್ರೆಯ ಟೇಬಲ್ ಮೇಲೆ, ಎಲ್ಲರ ಹಾಗೆ ಸರದಿಯಲ್ಲಿ ಕೂತು. ನನಗೂ ಅದು ಅನುಕೂಲವೇ ಆಗಿತ್ತು. ದಿನವಿಡೀ ನಾಯಿ ನೋಡಿ ಮನೆಗೆ ಬಂದವಳಿಗೆ ಇನ್ನೊಂದು ನಾಯಿಯನ್ನು ನೋಡುವ ಚೈತನ್ಯ ಎಲ್ಲಿರುತ್ತದೆ? ನಾಯಿಯೇನು, ಮನುಷ್ಯರನ್ನು ನೋಡುವ ಚೈತನ್ಯವೂ ಇರುತ್ತಿರಲಿಲ್ಲ.

ಈ ವರ್ಷ ವಕೀಲನ ತಪಾಸಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಈ ವಾರ ನೆಗಡಿ, ಮುಂದಿನ ವಾರ ಬಿಸಿಲು, ಅದರ ಮುಂದಿನ ವಾರ ಏನೋ. ನಡುವೆ ಕೆಲವು ದಿನ ಕೆಳಗಿನ ಹಾಲಿನ ನೆಲದ ಮೇಲೆ ಟಕ್ ಟಕ್ ಎಂದು ಉಗುರಿನ ಸದ್ದು ಕೇಳುತ್ತಿತ್ತು. ಮೆಟ್ಟಿಲು ಹತ್ತುತ್ತಾ ಕೇಳಿಸಿಕೊಂಡಿದ್ದೆ, ನೋಡಬೇಕು ಎಂದುಕೊಂಡಿದ್ದೆ, ಹಾಸಿಗೆಗೆ ಬಿದ್ದ ಮೇಲೆ ಮರೆತಿದ್ದೆ. ಆಮೇಲೆ ಸದ್ದು ನಿಂತಿತು. ಕೊನೆಗೊಂದು ಗುರುವಾರ ದೊಡ್ಡಕ್ಕನೇ, "ಊರವರಿಗೆಲ್ಲ ತಡ ಮಾಡ್ಬೇಡಿ ಅಂತ ಬೈತೀರಿ, ನಮ್ಮ ವಕೀಲನ ಸರದಿ ಯಾವಾಗ?" ಎಂದು ಎಲ್ಲರ ಎದುರು ಕೇಳಿಬಿಟ್ಟಳು. ಮುಂದಿನ ಗುರುವಾರ ಅಪ್ಪ ಅದನ್ನು ಕರೆತಂದರು, ಆಟೋದಲ್ಲಿ.

ಅಷ್ಟು ಹತ್ತಿರಕ್ಕೆ ಆಟೋ ಯಾಕೆ ಎಂದು ನಾನು ಕೇಳಲಿಲ್ಲ. ಅಪ್ಪನ ಸ್ವಂತ ನಾಯಿಯಾದ್ದರಿಂದ ವಕೀಲನನ್ನು ನನ್ನ ಟೇಬಲ್ ಮೇಲೆ ನಿಲ್ಲಿಸಿ ತೂಕ ನೋಡಿದೆ, ಏರಿತ್ತು. ಹಲ್ಲು ಪರವಾಗಿಲ್ಲ. ಎದೆ ಬಡಿತ ಪರವಾಗಿಲ್ಲ. ಅಪ್ಪ ನನ್ನ ಪಕ್ಕದಲ್ಲೇ ನಿಂತು, "ಕಿವಿ ಹಿಂದೆ ನೋಡು, ಉಣ್ಣಿ ಹುಳ ಇರುತ್ತೆ... ಹಾಗಲ್ಲ, ಕೂದಲು ಬಿಡಿಸಿ ನೋಡು" ಎಂದು ಪಾಠ ಮಾಡುತ್ತಿದ್ದರು. ನನಗೆ ರೇಗಿತು. ಪಾಠ ಕೇಳುವ ವಯಸ್ಸೇ ನನ್ನದು?

ಆಮೇಲೆ ಕಾಲು ಎತ್ತಿದೆ.

ಅಂಗಾಲು ಮಗುವಿನ ಕೆನ್ನೆ. ಉಗುರು ಉದ್ದವಿರಲಿಲ್ಲ, ಆದರೆ ಸವೆದೂ ಇರಲಿಲ್ಲ. ತುದಿ ಚಪ್ಪಟೆಯಾಗಿ, ಅಂಚು ಚೂಪಾಗಿ, ಕತ್ತರಿಯಿಂದ ಕತ್ತರಿಸಿದ ಗುರುತು. ನಾನು ನೋಡುವ ಮುಂಚೆ ಯಾರೋ ಕೂತು ಒಂದೊಂದನ್ನೇ ಕತ್ತರಿಸಿದ್ದರು. ಅದರಲ್ಲಿ ಒಂದು ಉಗುರು ಬುಡದವರೆಗೂ ಹೋಗಿ, ರಕ್ತ ಬಂದು, ಕಪ್ಪಗೆ ಹೆಪ್ಪುಗಟ್ಟಿತ್ತು. ವಕೀಲನ ಉಗುರು ಬಿಳಿ. ಬಿಳಿ ಉಗುರಿನೊಳಗೆ ರಕ್ತ ಹರಿಯುವ ಜಾಗ ಗುಲಾಬಿ ಗೆರೆಯಾಗಿ ಎದ್ದು ಕಾಣುತ್ತದೆ, ಅದಕ್ಕಿಂತ ಮುಂಚೆ ಕತ್ತರಿ ನಿಲ್ಲಿಸಬೇಕು ಎಂದು ಎಳೆಮಗುವಿಗೂ ಗೊತ್ತಾಗುತ್ತದೆ. ಅಪ್ಪನ ಕೈಯಲ್ಲಿ, ಆ ಗೆರೆ ಕಾಣದ ಕಪ್ಪು ಉಗುರಿಗೂ ರಕ್ತ ಬಂದದ್ದನ್ನು ನಾನು ಕಂಡಿರಲಿಲ್ಲ.

ಊರವರ ಕಣ್ಣಿಗೆ ಮಣ್ಣೆರಚುವುದಾದರೆ ಇಷ್ಟು ಸಾಕಾಗುತ್ತಿತ್ತು. ಅವರು ಎರಚಲು ಹೊರಟಿದ್ದು ತಾವೇ ಕಲಿಸಿದವಳ ಕಣ್ಣಿಗೆ.

"ಅಪ್ಪಾ, ವಾಕಿಂಗ್ ಹೋಗ್ತಿದ್ದೀರಾ?" ಎಂದೆ.

"ದಿನಾ ಹೋಗ್ತೀವಿ" ಎಂದರು ಅಪ್ಪ. "ನೀರಿನ ಟ್ಯಾಂಕ್‌ವರೆಗೂ ಹೋಗಿ ಬರ್ತೀವಿ. ಒಂದು ದಿನಾನೂ ತಪ್ಪಿಸಿಲ್ಲ."

ಒಂದು ದಿನಾನೂ ತಪ್ಪಿಸಿಲ್ಲ. ಬಂದವರೆಲ್ಲ ಹೇಳುವ ಅದೇ ಮಾತು, ಅದೇ ರಾಗ, ಮುಖದ ಮೇಲೆ ಅದೇ ನಗು. ಜೀವಮಾನವಿಡೀ ಈ ಮಾತಿಗೆ ಎದ್ದು ಹೋಗಿ ಕಿಟಕಿ ತೆಗೆದ ಮನುಷ್ಯ ಟೇಬಲ್ಲಿನ ಆ ಬದಿಗೆ ನಿಂತು ಅದನ್ನೇ ಹೇಳುತ್ತಿದ್ದರು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಯಾವುದನ್ನು ಮೊದಲು ನುಂಗಬೇಕೋ ತಿಳಿಯಲಿಲ್ಲ. ದೊಡ್ಡಕ್ಕ ವಕೀಲನ ಕುತ್ತಿಗೆ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

ನಾನು ಹೋಗಿ ಕಿಟಕಿ ತೆಗೆದೆ.

ಬೀದಿಯ ಸದ್ದು ಒಳಗೆ ಬಂತು. ಅಪ್ಪನ ನಗು ಹಾಗೆಯೇ ಸ್ವಲ್ಪ ಹೊತ್ತು ಮುಖದ ಮೇಲಿದ್ದು ಆರಿಹೋಯಿತು. "ಮುಂದಿನವರನ್ನ ಕರಿ, ಜನ ಕಾಯ್ತಿದ್ದಾರೆ" ಎಂದು ಕೋಟಿನ ಗುಂಡಿ ಹಾಕಿಕೊಂಡು ತಮ್ಮ ಟೇಬಲ್ಲಿಗೆ ಹೋದರು.

ಅವರ ಕಣ್ಣು ಕೆಟ್ಟಿದ್ದರೆ ಗುರುವಾರದ ಟೇಬಲ್ ಅವರ ಕೈತಪ್ಪಬೇಕು. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಅಮ್ಮ ಹೋದ ಮೇಲೆ ಅವರನ್ನು ಹಾಸಿಗೆಯಿಂದ ಎಬ್ಬಿಸಿ ಗಡ್ಡ ಹೆರೆಸುತ್ತಿದ್ದದ್ದು ಆ ಗುರುವಾರವೊಂದೇ. ಅದನ್ನು ಕಿತ್ತುಕೊಳ್ಳಬೇಕಾದವಳು ನಾನು, ಬೇರೆ ಯಾರೂ ಇಲ್ಲ. ಇವತ್ತೊಂದು ದಿನ ಹೋಗಲಿ, ರಾತ್ರಿ ಮನೆಯಲ್ಲಿ ಮಾತಾಡೋಣ ಎಂದುಕೊಂಡೆ. ಸುಸ್ತಾದವರು ಎಲ್ಲವನ್ನೂ ರಾತ್ರಿಗೆ ತಳ್ಳುತ್ತಾರೆ.

ಆದರೆ ಮುಂದೆ ಬಂದದ್ದು ಮಹಾರಾಣಿ. ಹಾಡು ಕಲಿಸುವ ಮೇಷ್ಟ್ರಮ್ಮನ ಬಿಳಿ ಬೆಕ್ಕು, ಬುಟ್ಟಿಯಲ್ಲಿ ದಿಂಬು ಹಾಕಿಸಿಕೊಂಡೇ ಬರುವ ಗತ್ತಿನದು. ವರ್ಷದ ಲಸಿಕೆಗೆ ಬಂದಿತ್ತು. ದೊಡ್ಡಕ್ಕ ಕಿಟಕಿ ಮುಚ್ಚಿ ಚಿಲಕ ಹಾಕಿದಳು.

"ಹೇಗಿದ್ದಾಳೆ ಮಹಾರಾಣಿ?" ಎಂದರು ಅಪ್ಪ.

"ಚೆನ್ನಾಗಿದ್ದಾಳೆ ದೊಡ್ಡ ಡಾಕ್ಟ್ರೇ. ಮೊನ್ನೆಯಿಂದ ಊಟ ಸ್ವಲ್ಪ ಕಮ್ಮಿ. ಸೆಕೆಗೋ ಏನೋ" ಎಂದರು ಮೇಷ್ಟ್ರಮ್ಮ.

ಅಪ್ಪ ಮುಟ್ಟಲು ಶುರು ಮಾಡಿದರು. ಅವರು ಮುಟ್ಟುವುದನ್ನು ನೋಡಬೇಕು. ಗಂಟಲು, ಕಂಕುಳು, ಹೊಟ್ಟೆ, ಮೈಗೆ ನೀರು ಹರಿದ ಹಾಗೆ ಕೈ ಹೋಗುತ್ತದೆ, ಪರಚುವ ಬೆಕ್ಕು ಕೂಡ ಕಣ್ಣು ಮುಚ್ಚಿ ಸುಮ್ಮನಾಗುತ್ತದೆ. ನಾನು ವಕೀಲನನ್ನು ಮೂಲೆಗೆ ಕಟ್ಟುವ ನೆಪದಲ್ಲಿ ನಿಂತು ನೋಡಿದೆ. ಅಪ್ಪ ಮಹಾರಾಣಿಯ ತುಟಿ ಎತ್ತಿದರು. ಕ್ಷಣ ನೋಡಿದರು.

"ಒಸಡು ಗುಲಾಬಿಯಾಗಿದೆ. ಆರೋಗ್ಯವಾಗಿದ್ದಾಳೆ" ಎಂದರು.

ಒಸಡು ಹಳದಿಯಾಗಿತ್ತು. ನಾನು ನಿಂತ ಜಾಗದಿಂದಲೇ ಕಾಣುತ್ತಿತ್ತು. ಕಿವಿಯ ಒಳಗಿನ ಚರ್ಮವೂ ಹಳದಿ. ಬಿಳಿ ಬೆಕ್ಕಿನಲ್ಲಿ ಅದು ಕಾಣದಿರಲು ಸಾಧ್ಯವೇ ಇಲ್ಲ. ಅಪ್ಪ ಆಗಲೇ ಲಸಿಕೆಗೆ ಕೈ ಚಾಚಿದ್ದರು. ಕಾಯಿಲೆ ಬಿದ್ದ ಮೈಗೆ ಲಸಿಕೆ ಕೊಡಬಾರದು, ಅದಕ್ಕಿಂತ ಹೆಚ್ಚಾಗಿ, ಆರೋಗ್ಯವಾಗಿದ್ದಾಳೆ ಎಂದು ಮನೆಗೆ ಕಳಿಸಿದರೆ ಮೇಷ್ಟ್ರಮ್ಮ ಮತ್ತೆ ಬರುವ ಹೊತ್ತಿಗೆ ಮಹಾರಾಣಿ ಇರುತ್ತಿರಲಿಲ್ಲ.

"ಅಪ್ಪಾ" ಎಂದೆ. ಏನು ಹೇಳುವುದು? ಮೇಷ್ಟ್ರಮ್ಮ ಮುಂದೆಯೇ ಇದ್ದಾರೆ, ಹೊರಗೆ ಬೆಂಚಿನ ಮೇಲೆ ಇನ್ನೂ ಜನ. "ಅಪ್ಪಾ, ಲಸಿಕೆಯ ಫ್ರಿಜ್ ಕೆಟ್ಟಿದೆ. ಇವತ್ತು ಯಾವ ಲಸಿಕೆಯೂ ಬೇಡ. ಹಾಗೇ ಊಟ ಕಮ್ಮಿ ಅಂದ್ರಲ್ಲ, ಒಂಚೂರು ರಕ್ತ ತಗೊಂಡು ನೋಡ್ತೀನಿ, ಮಾಮೂಲು."

ಫ್ರಿಜ್ ಅಪ್ಪನ ಮೊಣಕೈ ಪಕ್ಕದಲ್ಲೇ ಗುಂಯ್ ಎನ್ನುತ್ತಿತ್ತು. ಗಾಜಿನ ಬಾಗಿಲಿನೊಳಗೆ ದೀಪ ಕೂಡ ಉರಿಯುತ್ತಿತ್ತು.

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ಬೆಕ್ಕನ್ನು ನೋಡಿದರು, ನನ್ನನ್ನು ನೋಡಿದರು, ನಾನಿದ್ದ ಕಡೆಗಿಂತ ಸ್ವಲ್ಪ ಆಚೆ. ನಿಧಾನವಾಗಿ ತಿರುಗಿ ಕಿಟಕಿಯ ಕಡೆ ನಡೆದರು. ಚಿಲಕಕ್ಕೆಂದು ಚಾಚಿದ ಕೈ ಗೋಡೆಗೆ ತಾಗಿತು. ಗೋಡೆಯ ಮೇಲೆ ಸರಿಯುತ್ತಾ ಚೌಕಟ್ಟನ್ನು ಹುಡುಕಿತು.

"ಬೆಕ್ಕಿದೆ ಡಾಕ್ಟ್ರೇ" ಎಂದಳು ದೊಡ್ಡಕ್ಕ ಮೆಲ್ಲಗೆ.

"ಹೌದಲ್ಲ" ಎಂದರು ಅಪ್ಪ. ಕೈ ಇಳಿಸಿದರು. ಆಮೇಲೆ ಅವತ್ತು ಯಾವ ಪ್ರಾಣಿಯನ್ನೂ ಮುಟ್ಟಲಿಲ್ಲ. ಸೊಂಟ ನೋವು ಎಂದು ಒಳಕೋಣೆಯಲ್ಲಿ ಔಷಧಿ ಡಬ್ಬಗಳ ನಡುವೆ ವಕೀಲನ ಜೊತೆ ಕೂತರು. ಬೆಂಚಿನ ಮೇಲಿದ್ದವರೆಲ್ಲ ನನ್ನ ಪಾಲಿಗೆ ಬಂದರು. ಎಷ್ಟು ಜನ ಎಷ್ಟು ಸುಳ್ಳು ಹೇಳಿದರೋ, ನಾನು ಕಿಟಕಿಯ ಹತ್ತಿರ ಹೋಗಲಿಲ್ಲ.

ಕೊನೆಯ ನಾಯಿ ಹೋದ ಮೇಲೆ ಎರಡು ಲೋಟ ಕಾಫಿ ತೆಗೆದುಕೊಂಡು ಒಳಗೆ ಹೋದೆ.

"ಏನಾಗಿತ್ತು ಮಹಾರಾಣಿಗೆ?" ಎಂದರು.

"ಕಾಮಾಲೆ. ದೊಡ್ಡ ಆಸ್ಪತ್ರೆಗೆ ಕಳಿಸಿದ್ದೀನಿ. ಬದುಕ್ಕೊಳ್ಳುತ್ತೆ ಅನ್ಸುತ್ತೆ."

ಅಪ್ಪ ಲೋಟ ಹಿಡಿದುಕೊಂಡು ಕೂತರು, ಕುಡಿಯಲಿಲ್ಲ. "ನನಗೆ ಗುಲಾಬಿ ಅಂತಲೂ ಕಾಣಲಿಲ್ಲ ಕಣೆ, ಹಳದಿ ಅಂತಲೂ ಕಾಣಲಿಲ್ಲ. ಏನೋ ಒಂದು ಕಾಣಿಸ್ತು. ಬಾಯಿ ಅಭ್ಯಾಸದ ಮೇಲೆ ಗುಲಾಬಿ ಅಂದುಬಿಡ್ತು."

"ಯಾವಾಗಿನಿಂದ?"

"ಒಂದು ದಿನ ಎಡಗಡೆಯಿಂದ ಸೈಕಲ್ ಬಂತು. ಬಂತು ಅಂತ ಬಿದ್ದ ಮೇಲೇ ಗೊತ್ತಾಗಿದ್ದು. ಆ ಕಡೆ ಏನೂ ಇರಲೇ ಇಲ್ಲ, ರಸ್ತೇನೇ ಇರಲಿಲ್ಲ ಅನ್ನು. ವಕೀಲ ಬೊಗಳಿ ಬೊಗಳಿ ಜನ ಸೇರಿಸಿದ. ನಿನಗೆ ಬಚ್ಚಲಲ್ಲಿ ಜಾರಿದೆ ಅಂದಿದ್ದೆ ನೋಡು, ಅವತ್ತು. ಅಲ್ಲಿಂದ ವಾಕಿಂಗ್ ನಿಂತುಹೋಯ್ತು."

"ನನಗೆ ಹೇಳೋಕೇನಾಗಿತ್ತು?" ನನ್ನ ದನಿ ಏರಿತು. "ಒಂದೇ ಮನೇಲಿದ್ದೀನಲ್ಲ, ಸತ್ತೋಗಿದ್ನಾ?"

"ಹೇಳಿದ್ರೆ ಗುರುವಾರ ಹೋಗುತ್ತೆ ಅಂತ" ಎಂದರು ಅಪ್ಪ. ಅಷ್ಟೇ ಸರಳವಾಗಿ ಹೇಳಿದರು. "ಈಗ ಹೋಯ್ತು ಬಿಡು. ಬೆಕ್ಕಿನ ಜೀವಕ್ಕಿಂತ ಹೆಚ್ಚಲ್ಲ."

ಬಿಳಿ ಕೋಟು ಬಿಚ್ಚಿ, ತೋಳಿಗೆ ತೋಳು ಕೂಡಿಸಿ ಮಡಚಿ ನನ್ನ ತೊಡೆಯ ಮೇಲಿಟ್ಟರು. ವಕೀಲ ಕೂಡ ಅವತ್ತು ವಾದ ಮಾಡಲಿಲ್ಲ.

ಮಾರನೆಯ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅಲ್ಲಿಯೂ ಬೆಂಚು, ಅಲ್ಲಿಯೂ ಸರದಿ. ಒಬ್ಬೊಬ್ಬರೂ ತಮ್ಮ ಮನೆಯ ಒಬ್ಬೊಬ್ಬರನ್ನು ತೋಳು ಹಿಡಿದು ಕರೆತಂದಿದ್ದರು. ನಾನು ಬೆಂಚಿನ ಈ ಬದಿಯಲ್ಲಿ ಕೂತು ಎಷ್ಟು ಕಾಲವಾಗಿತ್ತೋ ನೆನಪಿಗೆ ಬರಲಿಲ್ಲ. ಒಳಗಿನ ಕೋಣೆ ಕತ್ತಲು. ಡಾಕ್ಟರು ಚಿಕ್ಕ ವಯಸ್ಸಿನವರು, ಆದರೆ ಮುಖದಲ್ಲಿ ನನ್ನದೇ ಸುಸ್ತು. ಅಪ್ಪನ ಗದ್ದವನ್ನು ಯಂತ್ರದ ಮೇಲೆ ಇರಿಸಿ, ಬೆಳಕು ಬಿಟ್ಟು, ಆ ಕಣ್ಣು ಈ ಕಣ್ಣು ಎಂದು ಬಹಳ ಹೊತ್ತು ನೋಡಿದರು. ಅಪ್ಪ ಟೇಬಲ್ ಮೇಲಿನ ನಾಯಿಯ ಹಾಗೆ ಅಲುಗಾಡದೆ ಕೂತಿದ್ದರು.

"ಪೊರೆ ಇದೆ, ಅದನ್ನ ತೆಗೀಬಹುದು" ಎಂದರು ಡಾಕ್ಟರು. "ಆದ್ರೆ ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗಿದೆ. ಎಡಗಣ್ಣಲ್ಲಿ ದೃಷ್ಟಿ ಬಹುಪಾಲು ಹೋಗಿದೆ, ಬಲಗಣ್ಣಲ್ಲಿ ಅಂಚಿನ ನೋಟ ಹೋಗಿದೆ. ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದನ್ನ ಉಳಿಸ್ಕೊಳ್ಳೋಕೆ ದಿನಾ ಹನಿ ಹಾಕ್ಬೇಕು, ತಪ್ಪಿಸಬಾರದು." ಆಮೇಲೆ ನನ್ನ ಕಡೆ ತಿರುಗಿದರು. ಆ ತಿರುಗುವಿಕೆ ನನಗೆ ಚೆನ್ನಾಗಿ ಗೊತ್ತು, ದಿನಾ ನಾನೇ ತಿರುಗುತ್ತೇನೆ. "ಇದು ಸದ್ದಿಲ್ಲದೆ ಬರೋ ಕಾಯಿಲೆ. ವರ್ಷಕ್ಕೊಂದು ಸಲ ತೋರಿಸಿದ್ರೂ ಹಿಡೀಬಹುದಿತ್ತು. ಇಷ್ಟು ದಿನ ಏನ್ ಮಾಡ್ತಿದ್ರಿ? ಮನೇಲಿ ಯಾರೂ ನೋಡಲಿಲ್ವಾ?"

ನಾನು ಉತ್ತರ ಯೋಚಿಸಲಿಲ್ಲ. ಯೋಚಿಸಬೇಕಾಗಿಯೇ ಬರಲಿಲ್ಲ. ಅದು ತಾನಾಗಿ ಬಂತು.

"ಹೋದ ವರ್ಷ ಎಲ್ಲಾ ಮಾಡಿಸಿದ್ವಿ ಡಾಕ್ಟ್ರೇ" ಎಂದೆ. "ಆಗ ಸರಿಯಾಗೇ ಇತ್ತು. ಆ ಚೀಟಿ ಮಾತ್ರ ಎಲ್ಲೋ ಕಳೆದುಹೋಗಿದೆ."

ಕತ್ತಲಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಎದ್ದು ನಿಂತಿದ್ದರು, ಒಂದು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು, ಇನ್ನೊಂದು ಕೈ ಮುಂದೆ ಚಾಚಿ.

"ಡಾಕ್ಟ್ರೇ, ಇಲ್ಲಿ ಕಿಟಕಿ ಎಲ್ಲಿದೆ?" ಎಂದರು.

"ಈ ಕೋಣೆಗೆ ಕಿಟಕಿ ಇಲ್ಲ ಸಾರ್. ಯಾಕೆ, ಉಸಿರು ಕಟ್ತಿದೆಯಾ?"

"ಇಲ್ಲ ಇಲ್ಲ" ಎಂದರು ಅಪ್ಪ. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದರು. ನನಗೂ ನಗು ಬಂತು, ಅದು ಅರ್ಧಕ್ಕೆ ಬಂದು ಬೇರೆ ಏನೋ ಆಯಿತು. ಸೆರಗಿನಿಂದ ಮುಖ ಒರೆಸಿಕೊಂಡೆ.

"ಇಲ್ಲ ಡಾಕ್ಟ್ರೇ" ಎಂದೆ. "ಹೋದ ವರ್ಷ ತೋರಿಸಿಲ್ಲ. ಅದರ ಹಿಂದಿನ ವರ್ಷವೂ ಇಲ್ಲ. ಯಾವತ್ತೂ ತೋರಿಸಿಲ್ಲ."

"ಗೊತ್ತಾಯ್ತು ಬಿಡಿ" ಎಂದು ಡಾಕ್ಟರು ದೀಪ ಹಾಕಿದರು.

ಹೊರಗೆ ಬಿಸಿಲಿತ್ತು. ಅಪ್ಪ ನನ್ನ ತೋಳು ಹಿಡಿದುಕೊಂಡು ಮೆಟ್ಟಿಲು ಇಳಿದರು, ಒಂದೊಂದಕ್ಕೂ ಕಾಲಿನಿಂದ ತಡಕಿ. ಕೆಳಗೆ ಬಂದು ನಿಂತ ಮೇಲೆ ಕೇಳಿದರು, "ಇನ್ನು ವಕೀಲನನ್ನ ಬೆಳಗ್ಗೆ ಯಾರು ಕರ್ಕೊಂಡು ಹೋಗ್ತಾರೆ?"

"ನಾನು" ಎಂದೆ. "ದಿನಾ ಹೋಗ್ತೀನಿ. ನೀವೂ ಬನ್ನಿ, ನಿಮ್ಮ ಎಡಗಡೆ ನಾನು ಇರ್ತೀನಿ."

"ದಿನಾ?"

"ಒಂದು ದಿನಾನೂ ತಪ್ಪಿಸಲ್ಲ."

ಅಪ್ಪ ನನ್ನ ಮುಖ ಇರಬೇಕಾದ ಕಡೆ ನೋಡಿದರು.

"ನೋಡೋಣ" ಎಂದರು. "ಗುರುವಾರ ಗುರುವಾರ ನಾನೇ ಅವನ ಉಗುರು ಮುಟ್ಟಿ ನೋಡ್ತೀನಿ."